ಸಹಾಯ ಬೇಕು: ರಾತ್ರಿ ತೋಟದ ಮೇಲೆ ಕಾಣುವ ದೀಪಗಳು ಡ್ರೋನಾ?

ಹೊಸನಗರ, ತೀರ್ಥಹಳ್ಳಿ ಕಡೆಯವರೇ, ಅಡಿಕೆ ತೋಟದ ಮೇಲೆ ರಾತ್ರಿ ದೀಪ ಸುಳಿದಾಡುತ್ತಿವೆ ಎಂದು ಊರಲ್ಲಿ ಗಾಬರಿ ಎದ್ದಿದೆ. ನಿಜ ತಿಳಿಯಲು ನಿಮ್ಮ ದಾಖಲೆ ಬೇಕು.

ವಿಡಿಯೊದಲ್ಲಿ ದಯವಿಟ್ಟು ಜೂಮ್ ಮಾಡಬೇಡಿ. ಫೋಕಸ್ ತಪ್ಪಿದರೆ ಸಣ್ಣ ಚುಕ್ಕೆಯೂ ದೊಡ್ಡ ತಟ್ಟೆಯಾಗಿ ಕಾಣುತ್ತದೆ, ಅರ್ಧ ವದಂತಿ ಹುಟ್ಟುವುದೇ ಅಲ್ಲಿ. ಫೋನನ್ನು ಬೇಲಿ ಕಂಬಕ್ಕೆ ಒತ್ತಿ ಹಿಡಿದು, ಮನೆಯ ಸೂರೋ ಮರದ ತುದಿಯೋ ಜೊತೆಗೆ ಕಾಣುವಂತೆ ಒಂದು ನಿಮಿಷವಾದರೂ ತೆಗೆಯಿರಿ. ಸಮಯ, ದಿಕ್ಕು, ಸದ್ದು ಬರೆಯಿರಿ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿತ್ತು ಎಂದರೆ ಸಾಕು. ಎರಡು ಬೇರೆ ಮನೆಗಳಿಂದ ಒಂದೇ ಹೊತ್ತಿನ ಅಳತೆ ಸಿಕ್ಕರೆ ದೂರವನ್ನೂ ಲೆಕ್ಕ ಹಾಕಬಹುದು.

ಸಾಮಾನ್ಯ ಕ್ಯಾಮೆರಾ ಡ್ರೋನ್ ಬ್ಯಾಟರಿ ಅರ್ಧ ಗಂಟೆಯ ಆಸುಪಾಸಿನದು. ಗಂಟೆಗಟ್ಟಲೆ ಉಳಿದು ನಿಧಾನ ಪಶ್ಚಿಮಕ್ಕೆ ಇಳಿದರೆ ಅದು ಶುಕ್ರ ಇರಬಹುದು. ಸಾಲು ದೀಪವಾದರೆ ಇಂಟರ್ನೆಟ್‌ಗಾಗಿ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳಿರಬಹುದು. 2023ರಿಂದ ಶಿವಮೊಗ್ಗ ಬಳಿಯ ಸೋಗಾನೆಯಲ್ಲಿ ವಿಮಾನ ನಿಲ್ದಾಣವಿದೆ, ಕಂಡದ್ದು ವಿಮಾನವೇ ಎಂದು ತಿಳಿಯಲು ವಿಮಾನಗಳ ಹಾರಾಟ ತೋರಿಸುವ ಫ್ಲೈಟ್‌ರಾಡಾರ್ ಆ್ಯಪ್ ಒಮ್ಮೆ ನೋಡಿ.

ಕೋವಿ ಮಾತ್ರ ಎತ್ತಬೇಡಿ. ಚರೆ ಎಲ್ಲಿ ಬೀಳುತ್ತದೋ ಹೇಳಲಾಗದು, ಒಡೆದ ಲಿಥಿಯಂ ಬ್ಯಾಟರಿ ಒಣ ದರಕಿಗೆ ಬೆಂಕಿ ಹಚ್ಚಬಹುದು. ಬಿದ್ದ ಡ್ರೋನ್ ಸಿಕ್ಕರೆ ಮುಟ್ಟದೆ ಅದರ ಮೇಲಿನ ಸಂಖ್ಯೆಯ ಫೋಟೊ ತೆಗೆದು 112ಕ್ಕೆ ತಿಳಿಸಿ.

ನಿಮ್ಮ ಪಂಚಾಯಿತಿಯಲ್ಲಿ ಜಮೀನು ಸರ್ವೆ ಅಥವಾ ಔಷಧಿ ಸಿಂಪಡಣೆಗೆ ಡ್ರೋನ್ ತರಿಸಿದ್ದಾರಾ? ಗೊತ್ತಿದ್ದವರು ಊರು, ದಿನಾಂಕ ಸಹಿತ ಇಲ್ಲೇ ತಿಳಿಸಿ.