41 ಡಿಗ್ರಿ ಬಿಸಿಲು: ಎರಡೂವರೆ ತಿಂಗಳ ಮಗುವಿಗೆ ಎದೆಹಾಲಷ್ಟೇ ಸಾಕಾ, ನೀರು ಕೊಡಬೇಕಾ?

ರಾಯಚೂರಿನ ತಾಯಿ:
ಎಲ್ಲರಿಗೂ ನಮಸ್ಕಾರ. ಬಾಣಂತನಕ್ಕೆ ರಾಯಚೂರಿನ ತವರುಮನೆಯಲ್ಲಿದ್ದೇನೆ. ಇಲ್ಲಿನ ಬಿಸಿಲು ನಿಮಗೆ ಗೊತ್ತೇ ಇದೆ. ಮಗಳಿಗೆ ಇದುವರೆಗೆ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. "ಕೂಸಿಗೆ ಗಂಟಲು ಒಣಗ್ತದ, ಕಾಸಿ ಆರಿಸಿದ ನೀರು ಎರಡು ಚಮಚ ಹಾಕು" ಅಂತ ಅವ್ವ ದಿನಾ ಹೇಳುತ್ತಾಳೆ. ಮೊನ್ನೆ ಹಾಲು ಹಿಂಡಿ ಬಟ್ಟಲಲ್ಲಿ ಇಟ್ಟಿದ್ದೆ. ಪಕ್ಕದ ಮನೆ ದೊಡ್ಡಮ್ಮ ನೋಡಿ "ಇದು ಬರೇ ನೀರು, ಆಕಳ ಹಾಲು ಶುರು ಮಾಡು" ಅಂದರು. ಸಂಜೆ ಹೊತ್ತು ಮಗು ಎದೆ ಬಿಡುವುದೇ ಇಲ್ಲ. ಹುಟ್ಟಿದಾಗ 2.8 ಕೆಜಿ ಇದ್ದಳು, ಈಗ 4.7. ನನ್ನ ಹಾಲು ಸಾಲುತ್ತಿದೆಯಾ, ಅದರಲ್ಲಿ ಸತ್ವ ಇದೆಯಾ?

ಹುಬ್ಬಳ್ಳಿಯಿಂದ:
ನನ್ನ ಮಗನೂ ಸಂಜೆ ಹೀಗೇ ಮಾಡುತ್ತಿದ್ದ. ಡಾಕ್ಟರ್ ಕೇಳಿದ್ದು ಒಂದೇ ಮಾತು, ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡ್ತಾನೆ ಅಂತ. ಆರೇಳು ಸಲ ಅಂದೆ. ಹಾಗಾದರೆ ಹಾಲು ಸಾಲುತ್ತಿದೆ ಅಂದರು.

ನಿವೃತ್ತ ಸಿಸ್ಟರ್, ತುಮಕೂರು:
ನೋಡಮ್ಮಾ, ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲೇ ನನ್ನ ಸರ್ವಿಸ್ ಕಳೆದಿದೆ. ನಿಮ್ಮ ಈ ಪ್ರಶ್ನೆಯನ್ನು ಪ್ರತಿ ಬೇಸಿಗೆಯಲ್ಲೂ ಕೇಳಿದ್ದೇನೆ. ಮಗುವಿಗೆ ನೀರು ಬೇಡ. ಒಂದು ಚಮಚವೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇರುತ್ತದೆ, ನಿಮ್ಮೂರಿನ ಬಿಸಿಲಿಗೂ ಅದು ಸಾಕು. ನೀರು ಹಾಕಿದರೆ ಆ ಪುಟ್ಟ ಹೊಟ್ಟೆ ತುಂಬುತ್ತದೆ, ಮಗು ಕಡಿಮೆ ಚೀಪುತ್ತದೆ. ಚೀಪುವುದು ಕಡಿಮೆಯಾದರೆ ಹಾಲು ಬರುವುದೂ ಕಡಿಮೆಯಾಗುತ್ತದೆ. ಬೇಸಿಗೆಯ ನೀರಿನಿಂದ ಭೇದಿ ಶುರುವಾಗುವ ಭಯ ಬೇರೆ.

ನೀರು ಬೇಕಾಗಿರುವುದು ನಿಮಗೆ. ಬಾಣಂತಿಗೆ ನೀರು ಕೊಟ್ಟರೆ ಮೈ ಊದುತ್ತೆ, ಹೊಟ್ಟೆ ಬರುತ್ತೆ ಅಂತ ಎಷ್ಟೋ ಮನೆಗಳಲ್ಲಿ ಲೋಟ ಅಳೆದು ಕೊಡುತ್ತಾರೆ. ನಾಲಿಗೆ ಒಣಗಿಸಿಕೊಂಡು ಹಾಲೂಡಿಸುವ ಹುಡುಗಿಯರನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು. ಹಾಲೂಡಿಸುವಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇರಲಿ. ಬಾಯಾರಿದಷ್ಟೂ ಕುಡಿಯಿರಿ. ಅವ್ವನಿಗೆ ಇದೊಂದು ಕೆಲಸ ಒಪ್ಪಿಸಿ.

ಬಟ್ಟಲಲ್ಲಿ ದೊಡ್ಡಮ್ಮ ನೋಡಿದ್ದು ಮೊದಲು ಬರುವ ಹಾಲು. ಅದು ತೆಳ್ಳಗೇ ಇರುತ್ತದೆ. ಮಗು ಕುಡಿಯುತ್ತಾ ಹೋದ ಹಾಗೆ ಕೊಬ್ಬು ಜಾಸ್ತಿಯಾಗುತ್ತದೆ. ಅದಕ್ಕೇ ಒಂದು ಎದೆ ಪೂರ್ತಿ ಮುಗಿಸಲಿ, ಆಮೇಲೆ ಇನ್ನೊಂದು ಕೊಡಿ. ಆಕಳ ಹಾಲಿನಲ್ಲಿ ಪ್ರೋಟೀನು ಎದೆಹಾಲಿನ ಮೂರು ಪಟ್ಟು ಇದೆ, ಉಪ್ಪಿನಂಶವೂ ಜಾಸ್ತಿ. ಬೇಗ ಬೆಳೆಯುವ ಕರುವಿಗೆ ಅದು ಸರಿ. ಎರಡು ತಿಂಗಳ ಮಗುವಿನ ಮೂತ್ರಪಿಂಡಕ್ಕೆ ಅದು ಭಾರ. ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಿ ಮಗುವಿಗೆ ರಕ್ತಹೀನತೆ ಬರಬಹುದು. ಒಂದು ವರ್ಷ ತುಂಬುವವರೆಗೆ ಎದೆಹಾಲಿನ ಬದಲಿಗೆ ಅದು ಬೇಡ.

ಸತ್ವದ ಬಗ್ಗೆ ಕೇಳಿದಿರಿ. ನಿಮ್ಮ ಮನೆಯಲ್ಲಿ ಯಾವ ರೋಗಾಣು ಓಡಾಡುತ್ತದೋ ಅದರ ವಿರುದ್ಧ ನಿಮ್ಮ ಮೈ ಪ್ರತಿಕಾಯ ತಯಾರಿಸುತ್ತದೆ. ಅದು ಹಾಲಿನ ಜೊತೆ ಮಗುವಿನ ಗಂಟಲಿಗೂ ಕರುಳಿಗೂ ಹೋಗಿ ಅಲ್ಲೇ ಕಾವಲಿರುತ್ತದೆ. ಯಾವ ಡಬ್ಬದ ಪುಡಿಯಲ್ಲೂ ಇದು ಸಿಗುವುದಿಲ್ಲ. ಎದೆಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಕೆಲವು ಸಕ್ಕರೆಗಳಿವೆ. ಅವು ಮಗುವಿನ ಕರುಳಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ. ಎದೆಹಾಲು ಕುಡಿಯುವ ಮಕ್ಕಳಿಗೆ ಭೇದಿ, ನ್ಯುಮೋನಿಯಾ, ಕಿವಿ ಸೋರುವುದು ಕಡಿಮೆ. ಹಾಲೂಡಿಸುವ ನಿಮಗೂ ಸ್ತನ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ.

ಒಂದು ಕೊರತೆ ಇದೆ, ಅದನ್ನೂ ಹೇಳುತ್ತೇನೆ. ಎದೆಹಾಲಿನಲ್ಲಿ ವಿಟಮಿನ್ ಡಿ ಸಾಲದು. ದಿನಕ್ಕೆ 400 ಯುನಿಟ್‌ನಂತೆ ಡ್ರಾಪ್ಸ್ ಹಾಕಬೇಕು. ಡಾಕ್ಟರ್ ಬರೆದುಕೊಟ್ಟಿಲ್ಲದಿದ್ದರೆ ಮುಂದಿನ ಲಸಿಕೆಗೆ ಹೋದಾಗ ಕೇಳಿ.

ನಿಮ್ಮ ಮಗಳ ತೂಕ ಚೆನ್ನಾಗಿ ಏರಿದೆ. ಸಂಜೆ ಎದೆ ಬಿಡದಿರುವುದು ಈ ವಯಸ್ಸಿನಲ್ಲಿ ಮಾಮೂಲು. ಉಚ್ಚೆ ದಿನಕ್ಕೆ ಆರು ಸಲಕ್ಕಿಂತ ಕಡಿಮೆಯಾದರೆ, ಬಣ್ಣ ಗಾಢವಾದರೆ, ಮಗು ಮಂಕಾದರೆ, ಜ್ವರ ಬಂದರೆ ಮಾತ್ರ ಕಾಯಬೇಡಿ, ಕೂಡಲೇ ಡಾಕ್ಟರ್ ಹತ್ತಿರ ಹೋಗಿ.

ದಾವಣಗೆರೆಯ ಅಪ್ಪ:
ಸಿಸ್ಟರ್, ನಾವೆಲ್ಲ ಜೇನು ನೆಕ್ಕಿ, ಬಜೆ ತೇಯ್ದು ಕುಡಿದೇ ಬೆಳೆದವರು ಅಲ್ವಾ?

ನಿವೃತ್ತ ಸಿಸ್ಟರ್, ತುಮಕೂರು:
ಬೆಳೆದವರು ಮಾತ್ರ ಇಲ್ಲಿ ಬಂದು ಬರೆಯಲು ಸಾಧ್ಯ ಅಣ್ಣಾ. ಜೇನಿನಲ್ಲಿ ಬೊಟುಲಿಸಂ ತರುವ ಬೀಜಾಣು ಇರಬಹುದು. ಅದರಿಂದ ಮಗುವಿನ ಸ್ನಾಯುಗಳೇ ಸೋತುಹೋಗುತ್ತವೆ. ಒಂದು ವರ್ಷ ತುಂಬುವವರೆಗೆ ಜೇನು ಮುಟ್ಟಿಸಲೇಬಾರದು. ಬಜೆಯೂ ಬೇಡ.

ರಾಯಚೂರಿನ ತಾಯಿ:
ಸಿಸ್ಟರ್, ತುಂಬಾ ಧೈರ್ಯ ಬಂತು. ಇನ್ನೊಂದು ಪ್ರಶ್ನೆ. ನಾನು ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಮೂರು ತಿಂಗಳಿಗೇ ಬನ್ನಿ ಅನ್ನುತ್ತಿದ್ದಾರೆ. ಆಗ ಏನು ಮಾಡಲಿ?

ನಿವೃತ್ತ ಸಿಸ್ಟರ್, ತುಮಕೂರು:
ಮೊದಲು ರಜೆ ಕೇಳಿ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇದು ಅನ್ವಯಿಸುತ್ತದೆ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಡಿ. ಆರು ತಿಂಗಳು ಎದೆಹಾಲು ಮಾತ್ರ ಅನ್ನುವುದಕ್ಕೂ ಈ 26 ವಾರಕ್ಕೂ ಲೆಕ್ಕ ಸರಿಹೋಗುತ್ತದೆ.

ಹೋಗಲೇಬೇಕಾದರೆ ಹಾಲು ಹಿಂಡಿಟ್ಟು ಹೋಗಿ. ಕೈ ಸೋಪಿನಲ್ಲಿ ತೊಳೆಯಿರಿ. ಕುದಿಸಿದ ಸ್ಟೀಲ್ ಡಬ್ಬಿಗೆ ಹಿಂಡಿ ಮುಚ್ಚಳ ಹಾಕಿ. ನಿಮ್ಮೂರಿನ ಸೆಖೆಗೆ ಹೊರಗಿಡಬೇಡಿ, ಹಿಂಡಿದ ತಕ್ಷಣ ಫ್ರಿಜ್ಜಿನ ಒಳಭಾಗದಲ್ಲಿಡಿ, ಬಾಗಿಲಿನಲ್ಲಿ ಬೇಡ. ಒಂದು ದಿನದೊಳಗೆ ಖಾಲಿ ಮಾಡಿ. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಸಾಕು. ಬಾಟಲಿ ಬೇಡ, ಅವ್ವ ಒಳಲೆಯಲ್ಲೋ ಚಮಚದಲ್ಲೋ ನಿಧಾನವಾಗಿ ಕುಡಿಸಲಿ. ಮಗು ಕುಡಿದು ಬಿಟ್ಟ ಹಾಲನ್ನು ಮತ್ತೆ ಎತ್ತಿಡಬೇಡಿ. ರಾತ್ರಿ ನೀವೇ ಪಕ್ಕದಲ್ಲಿರುತ್ತೀರಲ್ಲ, ಆಗ ಎಷ್ಟು ಸಲ ಕೇಳಿದರೂ ಎದೆಗೇ ಹಾಕಿಕೊಳ್ಳಿ.