ಮಿಶ್ರ ವಿಧಾನದ ಅಧ್ಯಯನದ ಗುಣಮಟ್ಟ ನಿರ್ಧರಿಸುವಲ್ಲಿ ಗೊಂದಲ: ಸಹಾಯ ಬೇಕು

ನಮಸ್ಕಾರ. ಮಡಿಕೇರಿಯಲ್ಲಿದ್ದು, ಭೂಕುಸಿತದ ಸಂತ್ರಸ್ತರ ಮಾನಸಿಕ ಆರೋಗ್ಯ ಕುರಿತ ಸಂಶೋಧನಾ ಲೇಖನಗಳ ವ್ಯವಸ್ಥಿತ ವಿಮರ್ಶೆ (ನಿಗದಿತ ಕ್ರಮದಲ್ಲಿ ಲೇಖನಗಳನ್ನು ಹುಡುಕಿ, ಗುಣಮಟ್ಟ ಅಳೆದು, ಒಟ್ಟುಗೂಡಿಸುವುದು) ನಡೆಸುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಕುಸಿದದ್ದನ್ನು ಕಂಡವಳಿಗೆ ಇದು ಕೇವಲ ಪದವಿಯ ವಿಷಯವಲ್ಲ.

ಸಮೀಕ್ಷೆ ಮತ್ತು ಸಂದರ್ಶನ ಎರಡನ್ನೂ ಬಳಸಿದ, ಅಂದರೆ ಮಿಶ್ರ ವಿಧಾನದ ಅಧ್ಯಯನಗಳಿಗೆ, ಗುಣಮಟ್ಟ ಅಳೆಯುವ ಎಂ.ಎಂ.ಎ.ಟಿ. (ಮಿಕ್ಸ್ಡ್ ಮೆಥಡ್ಸ್ ಅಪ್ರೈಸಲ್ ಟೂಲ್) ಮಾಪಕದ 2018ರ ಆವೃತ್ತಿಯನ್ನು ಆರಿಸಿಕೊಂಡು, ಗುಣಾತ್ಮಕ (ಸಂದರ್ಶನದ) ಭಾಗದ 5, ಪರಿಮಾಣಾತ್ಮಕ (ಸಮೀಕ್ಷೆಯ) ಭಾಗದ 5, ಎರಡರ ಜೋಡಣೆಯ 5 ಮಾನದಂಡಗಳಿಗೆ ‘ಹೌದು’, ‘ಇಲ್ಲ’, ‘ಹೇಳಲಾಗದು’ ಎಂದು ಗುರುತಿಸಿದೆ. ಸಹಪಾಠಿಯೊಬ್ಬರೂ ಪ್ರತ್ಯೇಕವಾಗಿ ಗುರುತಿಸಿದರು. ಒಂದು ಲೇಖನದಲ್ಲಿ ಮಾತ್ರ, ಎರಡು ಬಾರಿ ಕುಳಿತು ಚರ್ಚಿಸಿದರೂ ಒಮ್ಮತ ಮೂಡಲಿಲ್ಲ. ಅದರ ಸಂದರ್ಶನಗಳು ಬಹಳ ಆಳವಾಗಿವೆ. ಆದರೆ ಸಮೀಕ್ಷೆಗೆ ಉತ್ತರಿಸದವರೇ ಹೆಚ್ಚು, ಮೇಲಾಗಿ ಎರಡರ ಫಲಿತಾಂಶಗಳನ್ನು ಬೇರೆ ಬೇರೆಯಾಗಿಟ್ಟು ಕೊನೆಯ ಒಂದೇ ವಾಕ್ಯದಲ್ಲಿ ಬೆಸೆದಿದ್ದಾರೆ. ಮಿಶ್ರ ಅಧ್ಯಯನದ ಒಟ್ಟಾರೆ ಗುಣಮಟ್ಟವು ಅದರ ದುರ್ಬಲ ಭಾಗದ ಗುಣಮಟ್ಟವನ್ನು ಮೀರಲಾರದು ಎಂಬ ತತ್ವವನ್ನು ಅನ್ವಯಿಸಿದರೆ ಆ ಸಂದರ್ಶನಗಳ ಬೆಲೆಯೂ ಕುಗ್ಗುತ್ತದೆ, ಅದು ನನಗೆ ನ್ಯಾಯವೆನಿಸುತ್ತಿಲ್ಲ. ಒಟ್ಟು ಅಂಕ ಕೂಡಿಸಿ ತೀರ್ಮಾನಿಸೋಣವೆಂದರೆ, ಮಾಪಕ ರೂಪಿಸಿದವರೇ ಅದನ್ನು ಪ್ರೋತ್ಸಾಹಿಸುವುದಿಲ್ಲ.

ಅನುಭವವುಳ್ಳವರು ದಯವಿಟ್ಟು ತಿಳಿಸಿ: ಇದನ್ನು ಮಿಶ್ರ ವಿಧಾನದ ಅಧ್ಯಯನವೆಂದೇ ಉಳಿಸಿಕೊಂಡು ಜೋಡಣೆಯ ಮಾನದಂಡಗಳಿಗೆ ‘ಇಲ್ಲ’ ಎಂದು ದಾಖಲಿಸಬೇಕೇ, ಅಥವಾ ಎರಡು ಬಿಡಿ ಅಧ್ಯಯನಗಳೆಂದು ಪರಿಗಣಿಸಿ ಸಂದರ್ಶನದ ಭಾಗವನ್ನಷ್ಟೇ ವಿಮರ್ಶೆಗೆ ಸೇರಿಸಬಹುದೇ?