ಅಮ್ಮ ಊಟ ಬಿಟ್ಟಿದ್ದಾರೆ, ಮೂಗಿಗೆ ಪೈಪ್ ಹಾಕಿಸಬೇಕಾ?

ಪ್ರಶ್ನೆ: ನಮಸ್ತೆ ಸಿಸ್ಟರ್. ಅಮ್ಮನಿಗೆ 84 ವರ್ಷ. ಮರೆವಿನ ಕಾಯಿಲೆ ತುಂಬಾ ಮುಂದುವರಿದಿದೆ. ಮಾತಿಲ್ಲ, ಹಾಸಿಗೆಯಲ್ಲೇ ಎಲ್ಲಾ. ಬೆಂಗಳೂರಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿದ್ದಾರೆ. ಈಚೆಗೆ ಎರಡು ತುತ್ತಿಗೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಅಲ್ಲಿಯವರು ಮೂಗಿಗೆ ಪೈಪ್ ಹಾಕಿಸಿ ಅಂತಿದ್ದಾರೆ. ಅಣ್ಣ ಐಸಿಯುಗೆ ಸೇರಿಸೋಣ ಅಂತಾನೆ. ಬೇಡ ಅಂದರೆ ಅಮ್ಮನನ್ನು ನಾವೇ ಉಪವಾಸ ಕೆಡವಿದ ಹಾಗಾಗುತ್ತದೆ ಅಲ್ವಾ?

ಉತ್ತರ (ಪ್ಯಾಲಿಯೇಟಿವ್ ಕೇರ್, ಅಂದರೆ ಗುಣವಾಗದ ಕಾಯಿಲೆಯಲ್ಲಿ ನೋವು-ಸಂಕಟ ಕಡಿಮೆ ಮಾಡುವ ಆರೈಕೆಯ ನರ್ಸ್): ಇಲ್ಲಮ್ಮ, ಹಾಗಾಗುವುದಿಲ್ಲ. ಆದರೆ ಮೊದಲು ಡಾಕ್ಟರಿಂದ ಒಮ್ಮೆ ನೋಡಿಸಿ. ಬಾಯಿಹುಣ್ಣು, ಹಲ್ಲುನೋವು, ಮಲಬದ್ಧತೆ, ಮೂತ್ರದ ಸೋಂಕು, ಹೊಸ ಮಾತ್ರೆ, ಇವುಗಳಿಂದಲೂ ಊಟ ಬಿಡುತ್ತಾರೆ. ಇವಕ್ಕೆ ಚಿಕಿತ್ಸೆ ಇದೆ.

ಅಂಥದ್ದೇನೂ ಇಲ್ಲ ಅಂದರೆ, ಇದು ಕಾಯಿಲೆಯ ಕೊನೆಯ ಹಂತ. ನುಂಗುವುದು ಮರೆತುಹೋಗುತ್ತದೆ, ಹಸಿವೂ ಕಡಿಮೆಯಾಗುತ್ತದೆ. ಊಟ ಬಿಟ್ಟಿದ್ದರಿಂದ ಸಾವು ಬರುತ್ತಿಲ್ಲ, ಸಾವು ಹತ್ತಿರವಾದದ್ದರಿಂದ ಊಟ ಬಿಟ್ಟಿದ್ದಾರೆ. ಈ ಹಂತದಲ್ಲಿ ಪೈಪ್ ಹಾಕಿದರೆ ಆಯಸ್ಸು ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಶ್ವಾಸಕೋಶಕ್ಕೆ ಆಹಾರ ಇಳಿದು ನ್ಯುಮೋನಿಯಾ ಆಗುವುದೂ ತಪ್ಪುವುದಿಲ್ಲ. ಕಿರಿಕಿರಿಯಾಗಿ ಪೈಪ್ ಕೀಳುತ್ತಾರೆ, ಆಮೇಲೆ ಕೈ ಕಟ್ಟುತ್ತಾರೆ. ನನಗೆ ಅದನ್ನು ನೋಡುವುದು ತುಂಬಾ ಸಂಕಟ.

ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ. ಅವರಿಗೆ ಇಷ್ಟವಾದದ್ದನ್ನೇ, ರಾಗಿ ಗಂಜಿಯೋ ಮೊಸರನ್ನವೋ, ನುಣ್ಣಗೆ ಮಾಡಿ ಚಿಕ್ಕ ಚಮಚದಲ್ಲಿ ಕೊಡಿ. ಮುಖ ತಿರುಗಿಸಿದರೆ ನಿಲ್ಲಿಸಿ, ಬಲವಂತ ಬೇಡ. ತುಟಿ, ನಾಲಿಗೆ ಒಣಗದ ಹಾಗೆ ಒದ್ದೆ ಬಟ್ಟೆಯಿಂದ ಆಗಾಗ ಒರೆಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರಾ ಕೇಳಿ, ಮಲಗಿದ್ದಲ್ಲೇ ಆಗುವ ಹುಣ್ಣಿನ (ಬೆಡ್‌ಸೋರ್) ನೋವು ಸಣ್ಣದಲ್ಲ.

ಪ್ರಶ್ನೆ: ಅಣ್ಣನಿಗೆ ಏನು ಹೇಳಲಿ? ಮಾರ್ಫಿನ್ ಕೊಟ್ಟರೆ ಜೀವ ಬೇಗ ಹೋಗುತ್ತೆ ಅಂತಲೂ ಹೆದರುತ್ತಾನೆ.

ಉತ್ತರ: ಐಸಿಯುಗೆ ಸೇರಿಸಿ ವೆಂಟಿಲೇಟರ್ (ಉಸಿರಾಟದ ಯಂತ್ರ) ಹಾಕಿದ ಮೇಲೆ ತೆಗೆಯುವುದು ಸುಲಭವಲ್ಲ ಅಂತ ಹೇಳಿ. ಗುಣವಾಗುವ ಆಸೆಯಿಲ್ಲದವರಿಗೆ ಅಂಥ ಯಂತ್ರ ತೆಗೆಯಲು 2018ರಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿತು, 2023ರಲ್ಲಿ ಸರಳ ಮಾಡಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಆದರೂ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರೂ ಒಪ್ಪಬೇಕು. ಹಾಗಾಗಿ ಸೇರಿಸುವ ಮುಂಚೆಯೇ ಅಣ್ಣ, ನೀವು, ಡಾಕ್ಟರ್ ಕೂತು ಮಾತಾಡಿ. ಏನು ಬೇಕು, ಏನು ಬೇಡ ಅಂತ ಅಮ್ಮನ ಫೈಲಿನಲ್ಲಿ ಬರೆಸಿ.

ನೋವಿಗೆ, ಏದುಸಿರಿಗೆ ಸರಿಯಾದ ಅಳತೆಯ ಮಾರ್ಫಿನ್ ಜೀವ ತೆಗೆಯುವುದಿಲ್ಲ. ಸಣ್ಣ ಡೋಸ್‌ನಿಂದ ಶುರು ಮಾಡುತ್ತಾರೆ, ಜೊತೆಗೆ ಮಲಬದ್ಧತೆಗೆ ಔಷಧ ಇರಲೇಬೇಕು. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯ ನಂತರ ಕಾನೂನಿನ ತೊಡಕು ಕಡಿಮೆಯಾಗಿದೆ, ಆದರೂ ಮಾರ್ಫಿನ್ ಎಲ್ಲ ಕಡೆ ಸಿಗುವುದಿಲ್ಲ. ಪ್ಯಾಲಿಯೇಟಿವ್ ವಿಭಾಗವಿರುವ ಆಸ್ಪತ್ರೆಯಲ್ಲಿ ಈಗಲೇ ಹೆಸರು ಬರೆಸಿ.

ಇನ್ನೊಂದು ಮುಖ್ಯ ವಿಷಯ. ರಾತ್ರಿ ನರ್ಸ್ ಇರುತ್ತಾರಾ, ಅಲ್ಲೇ ತೀರಿಕೊಂಡರೆ ಸಾವಿನ ಕಾರಣದ ಪತ್ರ ಬರೆದುಕೊಡುವ ಡಾಕ್ಟರ್ ಯಾರು ಅಂತ ಕೇಂದ್ರದವರನ್ನು ಕೇಳಿ. ಉತ್ತರ ಸಿಗದಿದ್ದರೆ ಕೊನೇ ಗಳಿಗೆಯಲ್ಲಿ ಆಂಬ್ಯುಲೆನ್ಸ್ ಹತ್ತಿಸಿಬಿಡುತ್ತಾರೆ.